ಪಚ್ಚೆ ಆ್ಯಶ್ ಕೊರಕ

ಪಚ್ಚೆ ಆ್ಯಶ್ ಕೊರಕ ಎಂಬುದು ಆ್ಯಶ್ ಮರದ ತೊಗಟೆಯಡಿ ಸುರಂಗ ಕೊರೆದು ಬೆಳೆಯುವ, ಮಿರುಗುವ ಹಸಿರು ಮೈಯ ಒಂದು ಸಣ್ಣ ದುಂಬಿ. ಇಂಗ್ಲಿಷಿನಲ್ಲಿ ಎಮರಾಲ್ಡ್ ಆ್ಯಶ್ ಬೋರರ್, ಶಾಸ್ತ್ರೀಯ ಹೆಸರು ಅಗ್ರಿಲಸ್ ಪ್ಲಾನಿಪೆನ್ನಿಸ್. ಈಶಾನ್ಯ ಚೀನಾ, ಕೊರಿಯಾ, ರಷ್ಯಾದ ಪೂರ್ವ ತುದಿ ಇದರ ಹುಟ್ಟುನೆಲ. ಅಲ್ಲಿ ಇದು ಹೆಚ್ಚು ಜನ ಗಮನಿಸದ ಕೀಟ. ಉತ್ತರ ಅಮೆರಿಕಕ್ಕೆ ಕಾಲಿಟ್ಟ ಮೇಲೆ ಇದೇ ಕೀಟ ಕೋಟಿಗಟ್ಟಲೆ ಮರಗಳನ್ನು ಕೊಂದಿದೆ. ಆ ಖಂಡದ ಕಾಡಿಗೆ ಹೊರಗಿನಿಂದ ಬಂದ ಕೀಟಗಳಲ್ಲಿ ಇದರಷ್ಟು ನಷ್ಟ ತಂದದ್ದು ಬೇರೊಂದಿಲ್ಲ ಎಂಬುದು ಅರಣ್ಯ ಕೀಟತಜ್ಞರ ಸಾಮಾನ್ಯ ಅಭಿಪ್ರಾಯ. ಈ ಹಾವಳಿಯ ಚರಿತ್ರೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಹುಳು ತೊಗಟೆಯ ಮರೆಯಲ್ಲಿ ಕೆಲಸ ಮಾಡುತ್ತದೆ, ಅದು ಮನುಷ್ಯನ ಕಣ್ಣಿಗೆ ಬೀಳುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ಹಳ್ಳಿಯಲ್ಲಿ ಬೆಳೆದ ಕನ್ನಡಿಗರಿಗೆ ಈ ದುಂಬಿಯ ಬಳಗ ಹೊಸದಲ್ಲ. ಮಳೆಗಾಲದಲ್ಲಿ ಜಾಲಿಗಿಡಗಳಿಂದ ಹಿಡಿದು ತಂದು, ಬೆಂಕಿಪೊಟ್ಟಣದಲ್ಲಿ ಎಲೆ ಹಾಸಿ ಮಕ್ಕಳು ಸಾಕುತ್ತಿದ್ದ ಜೀರ್ಜಿಂಬೆಯೂ ಇದೂ ಬುಪ್ರೆಸ್ಟಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಆಭರಣದಂತೆ ಹೊಳೆಯುವ ಮೇಲ್ರೆಕ್ಕೆಗಳು ಈ ಕುಟುಂಬದ ಗುರುತು. ಭಾರತದಲ್ಲಿ ಜೀರ್ಜಿಂಬೆಯ ರೆಕ್ಕೆಗಳನ್ನು ಬಟ್ಟೆಯ ಕಸೂತಿಗೆ ಹೊಲಿಯುತ್ತಿದ್ದರು. ಬಸೋಲಿಯ ಚಿತ್ರಕಾರರು ಪಚ್ಚೆಕಲ್ಲಿನ ಬದಲು ಅವುಗಳ ಚೂರನ್ನೇ ಅಂಟಿಸುತ್ತಿದ್ದರು. ಆ್ಯಶ್ ಕೊರಕ ಜೀರ್ಜಿಂಬೆಗಿಂತ ಬಹಳ ಚಿಕ್ಕದು. ಉದ್ದ 8.5ರಿಂದ 14 ಮಿಲಿಮೀಟರ್, ಅಗಲ 3 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಭತ್ತದ ಕಾಳಿಗಿಂತ ತುಸು ಉದ್ದ ಎನ್ನಬಹುದು. ರೆಕ್ಕೆ ಬಿಚ್ಚಿದಾಗ ಮಾತ್ರ ಬೆನ್ನಿನ ತಾಮ್ರಗೆಂಪು ಕಾಣುತ್ತದೆ. ಇದು ಸೇರಿದ ಅಗ್ರಿಲಸ್ ಜಾತಿಯಲ್ಲಿ 3000ಕ್ಕೂ ಹೆಚ್ಚು ಪ್ರಭೇದಗಳಿವೆ. ಇಡೀ ಪ್ರಾಣಿಲೋಕದಲ್ಲಿ ಇಷ್ಟು ದೊಡ್ಡ ಜಾತಿ ಇನ್ನೊಂದಿಲ್ಲ. ಅವುಗಳಲ್ಲಿ ಬಹುಪಾಲು ಒಣಗುತ್ತಿರುವ ಅಥವಾ ಸೊರಗಿದ ಮರಗಳನ್ನು ನೆಚ್ಚಿ, ಯಾರಿಗೂ ತೊಂದರೆ ಕೊಡದೆ ಬದುಕುತ್ತವೆ.

ವಿಜ್ಞಾನಕ್ಕೆ ಈ ದುಂಬಿಯ ಪರಿಚಯವಾದದ್ದು 1888ರಲ್ಲಿ. ಚೀನಾದಲ್ಲಿದ್ದ ಫ್ರೆಂಚ್ ಪಾದ್ರಿ ಆರ್ಮಾನ್ ಡೇವಿಡ್ ಸಂಗ್ರಹಿಸಿದ ಮಾದರಿಗಳನ್ನು ನೋಡಿ ಫ್ರಾನ್ಸಿನ ಕೀಟತಜ್ಞ ಲಿಯೋನ್ ಫೇರ್‌ಮೇರ್ ಇದಕ್ಕೆ ಹೆಸರಿಟ್ಟ. ದೈತ್ಯ ಪಾಂಡಾವನ್ನು ಯುರೋಪಿಗೆ ಪರಿಚಯಿಸಿದ ಪಾದ್ರಿಯೂ ಇದೇ ಡೇವಿಡ್. ಹೆಸರಿಟ್ಟ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಈ ದುಂಬಿಯ ಬಗ್ಗೆ ಬರೆದವರು ವಿರಳ. 1960ರ ದಶಕದಲ್ಲಿ ಈಶಾನ್ಯ ಚೀನಾದ ನಗರಗಳಲ್ಲಿ ನೆಟ್ಟಿದ್ದ ಅಮೆರಿಕದ ಆ್ಯಶ್ ಮರಗಳು ಈ ಹುಳುವಿನಿಂದ ಸತ್ತವು. ಮುಂದೆ ಆಗಲಿದ್ದುದರ ಸುಳಿವೆಲ್ಲ ಅಲ್ಲಿತ್ತು. ಆದರೆ ಆ ಸುದ್ದಿ ಚೀನಾದ ಹೊರಗೆ ಯಾರ ಕಿವಿಗೂ ಬೀಳಲಿಲ್ಲ.

ಆ್ಯಶ್ ಮರ

ಕೊರಕವನ್ನು ಅರಿಯಲು ಮೊದಲು ಮರವನ್ನು ಅರಿಯಬೇಕು. ಆ್ಯಶ್ ಎಂದರೆ ಫ್ರಾಕ್ಸಿನಸ್ ಜಾತಿಯ ಮರಗಳು. ಬೂದಿ ಎಂಬ ಅರ್ಥದ ಇಂಗ್ಲಿಷ್ ಮಾತಿಗೂ ಈ ಹೆಸರಿಗೂ ಸಂಬಂಧವಿಲ್ಲ, ಉಚ್ಚಾರ ಮಾತ್ರ ಒಂದೇ. ನಮ್ಮ ಮಲ್ಲಿಗೆ, ಪಾರಿಜಾತಗಳ ಕುಟುಂಬವೇ ಈ ಮರದ ಕುಟುಂಬವೂ ಹೌದು. ಆಲಿವ್ ಕೂಡ ಅದರಲ್ಲೇ ಬರುತ್ತದೆ. ಉತ್ತರಾರ್ಧಗೋಳದ ತಂಪು ನಾಡುಗಳಲ್ಲಿ ಬೆಳೆಯುವ ಮರವಾದ್ದರಿಂದ ಕರ್ನಾಟಕದ ಕಾಡುಗಳಲ್ಲಿ ಇದಿಲ್ಲ. ಹಿಮಾಲಯದ ಇಳಿಜಾರುಗಳಲ್ಲಿ ಕೆಲವು ಪ್ರಭೇದಗಳಿವೆ. ನೇರ ಎಳೆಯ, ಪೆಟ್ಟು ತಡೆದುಕೊಂಡು ಬಾಗುವ ಮರ ಇದರದು. ಕೊಡಲಿ, ಸುತ್ತಿಗೆಗಳ ಹಿಡಿ, ದೋಣಿಯ ಹುಟ್ಟು, ಐರ್ಲೆಂಡಿನ ಹರ್ಲಿಂಗ್ ಕೋಲು, ಅಮೆರಿಕದ ಬೇಸ್‌ಬಾಲ್ ಬ್ಯಾಟು ಎಲ್ಲಕ್ಕೂ ಪರಂಪರೆಯಿಂದ ಬಂದದ್ದು ಆ್ಯಶ್ ಮರವೇ. ಕ್ರಿಕೆಟ್ಟಿನ ಸ್ಟಂಪುಗಳನ್ನು ಮಾಡುತ್ತಿದ್ದುದೂ ಇದರಿಂದಲೇ.

ಉತ್ತರ ಅಮೆರಿಕದಲ್ಲಿ ಬಿಳಿ ಆ್ಯಶ್, ಹಸಿರು ಆ್ಯಶ್, ಕಪ್ಪು ಆ್ಯಶ್, ನೀಲಿ ಆ್ಯಶ್ ಮುಖ್ಯವಾದವು. ಬಿಳಿ ಆ್ಯಶ್ ಗುಡ್ಡದ ಮರ, ಹಸಿರು ಆ್ಯಶ್ ಹೊಳೆದಂಡೆಯದು, ಕಪ್ಪು ಆ್ಯಶ್ ಜೌಗಿನದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸುಮಾರು 800 ಕೋಟಿ ಆ್ಯಶ್ ಮರಗಳಿದ್ದವೆಂಬುದು ಅಂದಾಜು. ಕಾಡಿನಲ್ಲಿದ್ದದ್ದು ಸಾಲದೆಂಬಂತೆ ಊರುಗಳಲ್ಲೂ ಈ ಮರ ತುಂಬಿಕೊಂಡಿತ್ತು. 1930ರ ದಶಕದಿಂದ ಹಬ್ಬಿದ ಡಚ್ ಎಲ್ಮ್ ರೋಗ ಅಮೆರಿಕದ ಬೀದಿಗಳ ಎಲ್ಮ್ ಮರಗಳನ್ನು ಬಲಿ ತೆಗೆದುಕೊಂಡಾಗ, ಬೇಗ ಬೆಳೆಯುವ, ಹೊಗೆ ಧೂಳಿಗೆ ಜಗ್ಗದ ಮರವೆಂದು ಪೌರಸಭೆಗಳು ಆ ಜಾಗದಲ್ಲೆಲ್ಲ ಆ್ಯಶ್ ನೆಟ್ಟವು. ಕೆಲವು ಊರುಗಳಲ್ಲಿ ಐದು ಬೀದಿಮರಗಳಲ್ಲಿ ಒಂದು ಆ್ಯಶ್. ಒಂದೇ ಮರವನ್ನು ಸಾಲಾಗಿ ನೆಟ್ಟು ಒಮ್ಮೆ ಕಳೆದುಕೊಂಡವರು ಅದೇ ತಪ್ಪನ್ನು ಇನ್ನೊಂದು ಮರದಿಂದ ಮಾಡಿದರು.

ತೊಗಟೆಯಡಿಯ ಬದುಕು

ಚಳಿ ಕಳೆದು ಮೇ-ಜೂನ್ ತಿಂಗಳ ಬಿಸಿಲು ಏರುತ್ತಿದ್ದಂತೆ ದುಂಬಿಗಳು ತೊಗಟೆ ಕೊರೆದು ಹೊರಬರುತ್ತವೆ. ಹೊರಬಂದ ತೂತು ಇಂಗ್ಲಿಷಿನ ಡಿ ಅಕ್ಷರದಂತಿರುತ್ತದೆ: ಒಂದು ಬದಿ ನೇರ, ಇನ್ನೊಂದು ಬದಿ ಕಮಾನು, ಅಗಲ 3ರಿಂದ 4 ಮಿಲಿಮೀಟರ್. ದುಂಬಿಯ ಬೆನ್ನು ಚಪ್ಪಟೆ, ಹೊಟ್ಟೆ ಉಬ್ಬು. ಮೈಯ ಆಕಾರವೇ ತೂತಿನ ಆಕಾರ. ತನಿಖೆಗೆ ಬಂದವರು ಮರದ ಮುಂದೆ ನಿಂತು ಮೊದಲು ಹುಡುಕುವುದು ಈ ತೂತನ್ನೇ.

ಹೊರಬಂದ ದುಂಬಿ ನೇರ ಎಲೆಗೆ ಹಾರುತ್ತದೆ. ಸುಮಾರು ಒಂದು ವಾರ ಎಲೆಯ ಅಂಚು ಕಚ್ಚಿ ತಿಂದ ಬಳಿಕವೇ ಜೋಡಿಯಾಗುವ ಪ್ರಾಯ. ಗಂಡು ದುಂಬಿ ಬಿಸಿಲಿನಲ್ಲಿ ಮರದ ನೆತ್ತಿಯ ಮೇಲೆ ಸುಳಿದಾಡುತ್ತಿದ್ದು, ಕೆಳಗೆ ಎಲೆಯ ಮೇಲೆ ಹಸಿರು ಮಿನುಗು ಕಂಡರೆ ಕಲ್ಲು ಬಿದ್ದಂತೆ ಅದರ ಮೇಲೆ ಬಂದಿಳಿಯುತ್ತದೆ. ಹೆಣ್ಣಿನ ಗುರುತು ಸಿಗುವುದು ಮುಖ್ಯವಾಗಿ ಕಣ್ಣಿನಿಂದ. ಸತ್ತ ದುಂಬಿಯನ್ನು ಎಲೆಗೆ ಚುಚ್ಚಿಟ್ಟರೂ ಗಂಡು ಮೋಸಹೋಗುತ್ತದೆ. ಹೆಣ್ಣು ಮತ್ತೂ ಒಂದೆರಡು ವಾರ ತಿಂದು, ತೊಗಟೆಯ ಬಿರುಕುಗಳಲ್ಲಿ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ 40ರಿಂದ 70, ಹೆಚ್ಚೆಂದರೆ 200ರ ಆಸುಪಾಸು. ಮೊಟ್ಟೆ ಸಾಸಿವೆಗಿಂತ ಸಣ್ಣದು, ಇಟ್ಟಾಗ ಬಿಳಿ, ಕೆಲವೇ ದಿನಗಳಲ್ಲಿ ಕಂದುಗೆಂಪು. ದುಂಬಿಯ ಆಯುಷ್ಯ ಮೂರರಿಂದ ಆರು ವಾರ. ಅಷ್ಟೂ ದಿನ ಅದು ಮರಕ್ಕೆ ಮಾಡುವ ಕೇಡು ಎಲೆಯ ಅಂಚಿನ ಕೆಲವು ಕಚ್ಚುಗಳು ಮಾತ್ರ.

ಕೊಲ್ಲುವುದು ಹುಳು. ಎರಡು ವಾರದಲ್ಲಿ ಮೊಟ್ಟೆಯಿಂದ ಹೊರಟ ಮರಿಹುಳು ನೇರ ತೊಗಟೆಯೊಳಕ್ಕೆ ಕೊರೆದು ಒಳತೊಗಟೆ ಸೇರುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಇದೇ ಒಳತೊಗಟೆ. ಅದಕ್ಕೂ ಮರಕ್ಕೂ ನಡುವೆ ಇರುವ ಕ್ಯಾಂಬಿಯಂ ಎಂಬ ತೆಳುಪೊರೆಯೇ ಹೊಸ ಮರ, ಹೊಸ ತೊಗಟೆ ಎರಡನ್ನೂ ಹುಟ್ಟಿಸುವ ಜೀವಂತ ಪದರ. ಹುಳು ಈ ಎರಡನ್ನೂ ತಿನ್ನುತ್ತ, ನೀರು ಏರುವ ಹೊರಮರವನ್ನೂ ಕೆರೆಯುತ್ತ ಬೇಸಿಗೆಯುದ್ದಕ್ಕೂ ಸಾಗುತ್ತದೆ. ನಾಲ್ಕು ಹಂತಗಳಲ್ಲಿ ಬೆಳೆದು 26ರಿಂದ 32 ಮಿಲಿಮೀಟರ್ ಉದ್ದವಾಗುತ್ತದೆ.

ಹಾವಳಿಗೆ ತುತ್ತಾದ ಮರದ ಸಡಿಲ ತೊಗಟೆಯನ್ನು ಕತ್ತಿಯಿಂದ ಎಬ್ಬಿಸಿದರೆ ಒಳಗಿನದೆಲ್ಲ ಒಮ್ಮೆಲೇ ತೆರೆದುಕೊಳ್ಳುತ್ತದೆ. ಬೆಳ್ಳನೆ ಮರದ ಮೇಲೆ ಹಾವು ಹರಿದ ಜಾಡಿನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ ಹೋದ ಕಾಲುವೆ. ಶುರುವಿನಲ್ಲಿ ದಾರದಷ್ಟು ಸಣ್ಣದು, ಹೊರಳಿ ಹೊರಳಿ ಹೋದಂತೆ ಅಗಲವಾಗುತ್ತದೆ. ಅದರ ತುಂಬ ಒತ್ತಿ ಒತ್ತಿ ತುಂಬಿದ ಕಂದು ಹಿಟ್ಟು. ಮರದ ಪುಡಿಯೂ ಹುಳುವಿನ ಹಿಕ್ಕೆಯೂ ಬೆರೆತದ್ದು. ಕಾಲುವೆಯ ಅಗಲ ತುದಿಯಲ್ಲಿ ಹುಳು. ಕೆನೆ ಬಣ್ಣದ, ಲಾಡಿಯಂತೆ ಚಪ್ಪಟೆಯಾದ ಮೈ. ಒಂದರೊಳಗೊಂದು ಗಂಟೆಗಳನ್ನು ಜೋಡಿಸಿಟ್ಟಂಥ ಖಂಡಗಳು. ಎದೆಯೊಳಕ್ಕೆ ಎಳೆದುಕೊಂಡ ಕಂದು ತಲೆ, ಬಾಲದ ತುದಿಯಲ್ಲಿ ಚಿಮಟದಂಥ ಎರಡು ಮೊನೆ. ಅದಕ್ಕೆ ಕಾಲಿಲ್ಲ. ತೊಗಟೆಗೂ ಮರಕ್ಕೂ ನಡುವೆ ಒತ್ತಿಕೊಂಡೇ ಅದು ಮುಂದೆ ಸರಿಯುವುದು.

ಶರತ್ಕಾಲ ಬಂದಾಗ ಬೆಳೆದ ಹುಳು ಹೊರಮರದಲ್ಲೋ ದಪ್ಪ ತೊಗಟೆಯಲ್ಲೋ ಒಂದು ಚಿಕ್ಕ ಕೋಣೆ ಕೊರೆದು, ಮೈಯನ್ನು ಕೊಕ್ಕೆಯಂತೆ ಮಡಚಿಕೊಂಡು ಚಳಿಗಾಲ ಕಳೆಯುತ್ತದೆ. ಮೈಯ ದ್ರವ ಸುಲಭಕ್ಕೆ ಹೆಪ್ಪುಗಟ್ಟದಂತೆ ಮಾರ್ಪಡುವುದರಿಂದ ಸುಮಾರು ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನೂ ತಾಳಬಲ್ಲದು. ವಸಂತದಲ್ಲಿ ಕೋಶಾವಸ್ಥೆ, ಆಮೇಲೆ ದುಂಬಿ. ಹೀಗೆ ಒಂದು ವರ್ಷಕ್ಕೆ ಒಂದು ತಲೆಮಾರು. ಗಟ್ಟಿಮುಟ್ಟಾದ ಮರದಲ್ಲಿ, ಅಥವಾ ಬೇಸಿಗೆ ಚಿಕ್ಕದಾದ ಊರಿನಲ್ಲಿ, ಎರಡು ವರ್ಷ ಹಿಡಿಯುತ್ತದೆ. ಮರ ಸೊರಗಿದಷ್ಟೂ ಹುಳು ಬೇಗ ಬೆಳೆಯುತ್ತದೆ.

ಒಂದು ಹುಳುವಿನಿಂದ ಮರ ಸಾಯುವುದಿಲ್ಲ. ಸತ್ತ ಮರಗಳನ್ನು ಅಳೆದು ನೋಡಿದಾಗ ಒಂದು ಚದರ ಮೀಟರ್ ತೊಗಟೆಯಿಂದ ಸರಾಸರಿ 90ರ ಸಮೀಪ ದುಂಬಿಗಳು ಹೊರಬಂದಿದ್ದವು. ಅಷ್ಟು ಕಾಲುವೆಗಳು ಒಂದಕ್ಕೊಂದು ಸೇರಿದರೆ ಕಾಂಡದ ಸುತ್ತ ಉಂಗುರ ಬಿಗಿದಂತಾಗುತ್ತದೆ. ಬೇರಿಗೆ ಅನ್ನವಿಲ್ಲ, ಎಲೆಗೆ ನೀರಿಲ್ಲ. ಸಾವು ಮೇಲಿನಿಂದ ಇಳಿಯುತ್ತದೆ. ಮೊದಲು ನೆತ್ತಿಯ ಕೊಂಬೆಗಳು ಬೋಳಾಗುತ್ತವೆ, ಆಮೇಲೆ ಮರ ಕೊನೆಯ ಪ್ರಯತ್ನವೆಂಬಂತೆ ಬುಡದಲ್ಲೂ ಕಾಂಡದಲ್ಲೂ ಪೊದೆ ಪೊದೆಯಾಗಿ ಚಿಗುರುತ್ತದೆ. ಲಕ್ಷಣ ಕಂಡ ಮೂರರಿಂದ ಐದು ವರ್ಷದಲ್ಲಿ ಮರ ಮುಗಿಯುತ್ತದೆ.

ದುಂಬಿಗಳು ಮೊದಲು ನೆಲೆಸುವುದು ಎತ್ತರದ ಕೊಂಬೆಗಳಲ್ಲಿ. ಆದ್ದರಿಂದ ಬುಡದಲ್ಲಿ ನಿಂತವನ ಕಣ್ಣಿಗೆ ತೂತು ಕಾಣುವ ಹೊತ್ತಿಗೆ ಮರ ಅರ್ಧ ಹೋಗಿರುತ್ತದೆ. ಮನುಷ್ಯನಿಗಿಂತ ಮೊದಲು ಪತ್ತೆ ಹಚ್ಚುವುದು ಮರಕುಟಿಗ. ಹುಳುವಿಗಾಗಿ ಅದು ಹೊರತೊಗಟೆಯನ್ನು ಕುಕ್ಕಿ ಉದುರಿಸಿದಾಗ ಕಾಂಡದ ಮೇಲೆ ಹೊಂಬಣ್ಣದ ಪಟ್ಟೆಗಳು ಮೂಡುತ್ತವೆ. ನಮ್ಮ ಕಾಫಿ ಸೀಮೆಯವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಅರೇಬಿಕಾ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕ ಬೇರೆ ಕುಟುಂಬದ ದುಂಬಿ, ಈ ನೆಲದ್ದೇ ಕೀಟ. ಆದರೂ ಗಿಡ ಹಳದಿಯಾಗಿ ಕಾಂಡದ ಮೇಲೆ ಏಣು ಎದ್ದದ್ದನ್ನು ಕಂಡು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಬೋರರ್ ಹಿಡಿದಿದೆ ಎಂದು ಕೀಳಿಸಿ ಸುಡಿಸುವಾಗ, ಒಳಗಿನ ಕೆಲಸ ಆಗಲೇ ಆಗಿಹೋಗಿರುತ್ತದೆ.

ತವರಿನಲ್ಲಿ ಇಷ್ಟು ಕೆಡುಕು ಮಾಡದ ಹುಳು ಅಮೆರಿಕದಲ್ಲಿ ಹೀಗೇಕಾಯಿತು? ಮಂಚೂರಿಯದ ಆ್ಯಶ್ ಈ ಹುಳುವಿನ ಜೊತೆಯಲ್ಲೇ ವಿಕಾಸಗೊಂಡ ಮರ. ಅದರ ಒಳತೊಗಟೆಯಲ್ಲಿ ಹುಳುವಿಗೆ ಒಗ್ಗದ ರಾಸಾಯನಿಕಗಳಿವೆ. ಬರಗಾಲಕ್ಕೋ ಗಾಯಕ್ಕೋ ಸಿಕ್ಕಿ ಮರ ಸೊರಗಿದಾಗ ಮಾತ್ರ ಹುಳುವಿನ ಕೈ ಮೇಲಾಗುತ್ತದೆ. ಮೊಟ್ಟೆಯನ್ನೂ ಹುಳುವನ್ನೂ ಹುಡುಕಿ ಕೊಲ್ಲುವ ಕಣಜಗಳೂ ಅಲ್ಲಿವೆ. ಅಮೆರಿಕದ ಆ್ಯಶ್ ಮರಗಳಿಗೆ ಈ ಹುಳುವಿನ ಪರಿಚಯವೇ ಇರಲಿಲ್ಲ, ಆದ್ದರಿಂದ ಎದುರಿಸುವ ಬಲವೂ ಇರಲಿಲ್ಲ. ನೀಲಿ ಆ್ಯಶ್ ಮಾತ್ರ ಸಾಕಷ್ಟು ತಡೆದುಕೊಂಡಿದೆ.

ಬಂದದ್ದು, ಹರಡಿದ್ದು

2000ದ ಆಸುಪಾಸಿನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಸುತ್ತ ಆ್ಯಶ್ ಮರಗಳು ಒಣಗತೊಡಗಿದವು. ಆ್ಯಶ್ ಯೆಲ್ಲೋಸ್ ಎಂಬ ಹಳೆಯ ರೋಗವಿರಬೇಕೆಂದು ಬಹಳ ಜನ ಸುಮ್ಮನಾದರು. 2002ರ ಬೇಸಿಗೆಯಲ್ಲಿ ಸಾಯುತ್ತಿದ್ದ ಮರಗಳಿಂದ ಹಸಿರು ದುಂಬಿಗಳು ಹೊರಬಂದಾಗ ಅವುಗಳ ಹೆಸರು ಹೇಳಬಲ್ಲವರು ಅಮೆರಿಕದಲ್ಲಿ ಸಿಗಲಿಲ್ಲ. ಮಾದರಿಗಳು ಅಟ್ಲಾಂಟಿಕ್ ದಾಟಿ ಸ್ಲೊವಾಕಿಯಾದ ಬ್ರಾಟಿಸ್ಲಾವಾಕ್ಕೆ ಹೋದವು. ಅಗ್ರಿಲಸ್ ತಜ್ಞ ಎಡುವಾರ್ಡ್ ಯೆಂಡೆಕ್ ಆ ವರ್ಷದ ಜುಲೈನಲ್ಲಿ ಇದು ಅಗ್ರಿಲಸ್ ಪ್ಲಾನಿಪೆನ್ನಿಸ್ ಎಂದು ಗುರುತಿಸಿದ. ನದಿಯಾಚೆ, ಕೆನಡಾದ ಒಂಟಾರಿಯೊ ಪ್ರಾಂತದ ವಿಂಡ್ಸರ್‌ನಲ್ಲೂ ಅದೇ ವರ್ಷ ಕೀಟ ಸಿಕ್ಕಿತು.

ಬಂದದ್ದು ಯಾವಾಗ ಎಂಬುದನ್ನು ಸತ್ತ ಮರಗಳೇ ಹೇಳಿದವು. ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಡೆಬೊರಾ ಮೆಕಲಾ ಮತ್ತು ಸಂಗಡಿಗರು ಆ ಸೀಮೆಯ ಆ್ಯಶ್ ಮರಗಳ ವಾರ್ಷಿಕ ಉಂಗುರಗಳನ್ನು ಒಂದಕ್ಕೊಂದು ಹೊಂದಿಸಿ, ಯಾವ ಮರ ಯಾವ ವರ್ಷ ಸತ್ತಿತೆಂದು ನಕ್ಷೆ ಬರೆದರು. ಸಾವುಗಳು ಡೆಟ್ರಾಯಿಟಿನ ಪಶ್ಚಿಮದ ಒಂದು ಹೊರವಲಯದಿಂದ ಹಬ್ಬಿದ್ದವು. ದುಂಬಿ 1990ರ ದಶಕದ ಮೊದಲರ್ಧದಲ್ಲೇ ಅಲ್ಲಿ ಬೇರುಬಿಟ್ಟಿತ್ತು. ಎಂದರೆ, ಸುಮಾರು ಹತ್ತು ವರ್ಷ ಯಾರಿಗೂ ತಿಳಿಯದೆ ಅದು ಬೆಳೆದಿತ್ತು. ಏಷ್ಯದಿಂದ ಬಂದ ಸರಕಿನ ಮರದ ಪೆಟ್ಟಿಗೆ, ಪ್ಯಾಲೆಟ್ ಅಥವಾ ಹಡಗಿನಲ್ಲಿ ಸರಕು ಅಲುಗದಂತೆ ತುರುಕುವ ದಿಮ್ಮಿಯೊಳಗೆ ಹುಳು ಬಂದಿರಬೇಕೆಂಬುದು ಎಲ್ಲರೂ ಒಪ್ಪಿದ ಊಹೆ.

ಸ್ವಂತ ರೆಕ್ಕೆಯಿಂದ ಇದು ದೂರ ಹೋಗುವುದು ಕಡಿಮೆ. ಹತ್ತರಲ್ಲಿ ಸುಮಾರು ಒಂಬತ್ತು ಹುಳುಗಳು ತಾಯಿ ಹೊರಬಂದ ಜಾಗದಿಂದ 100 ಮೀಟರಿನೊಳಗೇ ಸಿಕ್ಕಿವೆ. ಆದರೆ ಬಸುರಿ ದುಂಬಿಗಳಲ್ಲಿ ಕೆಲವು ಹತ್ತಾರು ಕಿಲೋಮೀಟರ್ ಹಾರಬಲ್ಲವೆಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಇದನ್ನು ರಾಜ್ಯದಿಂದ ರಾಜ್ಯಕ್ಕೆ ಹೊತ್ತೊಯ್ದದ್ದು ಮನುಷ್ಯ. ಬೇಸಿಗೆ ರಜೆಗೆ ಕಾರಿನ ಹಿಂಬದಿಯಲ್ಲಿ ಸೌದೆ ತುಂಬಿಕೊಂಡು ಕಾಡಿನ ಶಿಬಿರಕ್ಕೆ ಹೋಗುವುದು ಅಲ್ಲಿನ ಕುಟುಂಬಗಳ ರೂಢಿ. ಆ ಸೌದೆಯೊಳಗೆ ಹುಳು ಇರುತ್ತಿತ್ತು. 2003ರಲ್ಲಿ ಮಿಷಿಗನ್‌ನ ಒಂದು ನರ್ಸರಿ ನಿಷೇಧ ಮೀರಿ ಕಳಿಸಿದ ಸಸಿಗಳ ಜೊತೆ ಕೀಟ ಮೇರಿಲ್ಯಾಂಡ್ ತಲುಪಿತು.

ತಡೆಯುವ ಯತ್ನಗಳು ನಡೆದವು, ಅಪಾರ ಶ್ರಮವೂ ಸಂದಿತು. ಮಿಷಿಗನ್‌ನ ಎರಡು ಭೂಭಾಗಗಳನ್ನು ಸೇರಿಸುವ ಮ್ಯಾಕಿನಾ ಸೇತುವೆಯಲ್ಲಿ ವಾಹನ ನಿಲ್ಲಿಸಿ ಸೌದೆ ತಪಾಸಣೆ ಮಾಡಿದರು. ಒಂಟಾರಿಯೊದಲ್ಲಿ 2004ರಲ್ಲಿ ಈರಿ ಸರೋವರದಿಂದ ಸೇಂಟ್ ಕ್ಲೇರ್ ಸರೋವರದವರೆಗೆ ಸುಮಾರು 10 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಇದ್ದಬದ್ದ ಆ್ಯಶ್ ಮರಗಳನ್ನೆಲ್ಲ ಕಡಿದರು, ಕಾಳ್ಗಿಚ್ಚಿಗೆ ಬೆಂಕಿರೇಖೆ ಬಿಡಿಸಿದಂತೆ. ಸಾವಿರಾರು ಆರೋಗ್ಯವಂತ ಮರಗಳು ಉರುಳಿದವು. ಅವು ಉರುಳುವ ಹೊತ್ತಿಗೆ ದುಂಬಿ ಆ ಪಟ್ಟಿಯನ್ನು ದಾಟಿ ಆಚೆ ಸೇರಿತ್ತು. 2013ರಲ್ಲಿ ಕೊಲರಾಡೊದ ಬೌಲ್ಡರ್, 2017ರಲ್ಲಿ ಕೆನಡಾದ ವಿನಿಪೆಗ್, 2022ರ ಜೂನ್ ಕೊನೆಗೆ ಪೆಸಿಫಿಕ್ ಕರಾವಳಿಯ ಒರೆಗಾನ್, 2024ರಲ್ಲಿ ವ್ಯಾಂಕೂವರ್. ಅಮೆರಿಕದ ಕೃಷಿ ಇಲಾಖೆ 2021ರ ಜನವರಿ 14ರಂದು ತನ್ನ ರಾಷ್ಟ್ರೀಯ ಸಾಗಾಟ ನಿರ್ಬಂಧವನ್ನೇ ಹಿಂತೆಗೆದುಕೊಂಡು, ಆ ಹಣವನ್ನು ಜೈವಿಕ ನಿಯಂತ್ರಣಕ್ಕೆ ತಿರುಗಿಸಿತು.

ಯುರೋಪಿನಲ್ಲಿ ಇದರ ಪಾದಾರ್ಪಣೆ ಮಾಸ್ಕೋದಲ್ಲಿ. ಎರಡನೆಯ ಮಹಾಯುದ್ಧದ ಬಳಿಕ ಆ ನಗರದಲ್ಲಿ ಸಾಲು ಸಾಲಾಗಿ ನೆಟ್ಟದ್ದು ಅಮೆರಿಕದ ಹಸಿರು ಆ್ಯಶ್. 2003ರಲ್ಲಿ ಅಲ್ಲಿ ಮೊದಲ ದುಂಬಿ ಸಿಕ್ಕಿತು, 2019ರಲ್ಲಿ ಪೂರ್ವ ಉಕ್ರೇನ್ ಮುಟ್ಟಿತು. ಯುರೋಪಿನ ಆ್ಯಶ್ ಮರಗಳು ಪೂರ್ವ ಏಷ್ಯದಿಂದಲೇ ಬಂದ ಒಂದು ಶಿಲೀಂಧ್ರ ರೋಗದಿಂದ ಈಗಾಗಲೇ ತತ್ತರಿಸಿವೆ. ಅದರ ಮೇಲೆ ಈ ಕೊರಕವೂ ಪಶ್ಚಿಮಕ್ಕೆ ಸಾಗಿದರೆ ಎಂಬ ಭಯ ಅಲ್ಲಿನ ಅರಣ್ಯ ಇಲಾಖೆಗಳನ್ನು ಕಾಡುತ್ತಿದೆ.

ಕಳೆದುಕೊಂಡದ್ದು

ಆಗ್ನೇಯ ಮಿಷಿಗನ್‌ನ ಕಾಡುಗಳಲ್ಲಿ ಅಧ್ಯಯನಕ್ಕೆ ಆರಿಸಿಕೊಂಡ ತಾಣಗಳಲ್ಲಿ ಹೆಬ್ಬೆರಳಿಗಿಂತ ದಪ್ಪದ ಆ್ಯಶ್ ಮರಗಳ ಪೈಕಿ 99 ಶೇಕಡಕ್ಕಿಂತ ಹೆಚ್ಚು ಒಂದು ದಶಕದೊಳಗೆ ಸತ್ತವು. 2017ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಉತ್ತರ ಅಮೆರಿಕದ ಐದು ಪ್ರಮುಖ ಆ್ಯಶ್ ಪ್ರಭೇದಗಳನ್ನು ತೀವ್ರ ಅಪಾಯದ ಪಟ್ಟಿಗೆ ಸೇರಿಸಿತು. ಕೆಲವೇ ವರ್ಷಗಳ ಹಿಂದೆ ಎಲ್ಲೆಲ್ಲೂ ಇದ್ದ ಮರಗಳು ಅವು. ಆ್ಯಶ್ ಎಲೆ, ತೊಗಟೆ, ಬೀಜ ನೆಚ್ಚಿ ಬದುಕುವ ಕೀಟಾದಿ ಸಂಧಿಪದಿಗಳ 280ಕ್ಕೂ ಹೆಚ್ಚು ಪ್ರಭೇದಗಳನ್ನು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಹಲವಕ್ಕೆ ಬೇರೆ ಮರವೇ ಆಗದು. ಕಪ್ಪು ಆ್ಯಶ್ ಸತ್ತ ಜೌಗುಗಳಲ್ಲಿ ನೀರು ಹೀರುವ ಬೇರುಗಳಿಲ್ಲದೆ ನೀರಿನ ಮಟ್ಟ ಏರುತ್ತಿದೆ, ಕಾಡಿದ್ದಲ್ಲಿ ಹುಲ್ಲು ಜೊಂಡು ಬರುತ್ತಿದೆ.

ನಗರಗಳ ಲೆಕ್ಕ ಬೇರೆ. ಸತ್ತ ಆ್ಯಶ್ ಬಹಳ ಬೇಗ ಪೆಡಸಾಗಿ ಮುರಿಯುತ್ತದೆ. ಹತ್ತಿ ಕಡಿಯುವವರ ಜೀವಕ್ಕೇ ಅಪಾಯ. 2009ರಿಂದ 2019ರವರೆಗಿನ ಹತ್ತು ವರ್ಷದಲ್ಲಿ ಊರುಗಳ 1.7 ಕೋಟಿ ಆ್ಯಶ್ ಮರಗಳಿಗೆ ಔಷಧಿ ಹಾಕಲು, ಇಲ್ಲವೆ ಕಡಿದು ಬೇರೆ ನೆಡಲು 1070 ಕೋಟಿ ಡಾಲರ್ ಬೇಕಾಗಬಹುದೆಂದು 2010ರಲ್ಲಿ ಅಂದಾಜು ಮಾಡಿದ್ದರು. ಇನ್ನೊಂದು ಅಧ್ಯಯನ, 2013ರದು, ಓದಿದಾಗ ಮನಸ್ಸು ಭಾರವಾಗುತ್ತದೆ. 15 ರಾಜ್ಯಗಳ 1990ರಿಂದ 2007ರವರೆಗಿನ ಮರಣದ ಅಂಕಿಗಳನ್ನು ಕೊರಕ ಹರಡಿದ ನಕ್ಷೆಯ ಜೊತೆ ಇಟ್ಟು ನೋಡಿದಾಗ, ಕೀಟ ಕಾಲಿಟ್ಟ ಜಿಲ್ಲೆಗಳಲ್ಲಿ ಉಸಿರಾಟದ ಕಾಯಿಲೆಯಿಂದ 6113, ಹೃದಯ-ರಕ್ತನಾಳದ ಕಾಯಿಲೆಯಿಂದ 15,080 ಹೆಚ್ಚುವರಿ ಸಾವುಗಳು ಕಂಡವು. ಮರ ಹೋದದ್ದೇ ಕಾರಣವೆಂದು ಇದು ಸಾಧಿಸಿ ತೋರಿಸುವುದಿಲ್ಲ, ನಂಟನ್ನಷ್ಟೇ ತೋರಿಸುತ್ತದೆ. ಆದರೂ ಬೀದಿಯ ನೆರಳೆಂದರೆ ಬರಿಯ ಅಂದವಲ್ಲ ಎಂಬ ಮಾತಿಗೆ ಇಷ್ಟು ಗಟ್ಟಿಯಾದ ಅಂಕಿ ಮೊದಲು ಸಿಕ್ಕಿರಲಿಲ್ಲ.

ಹಣದಲ್ಲಿ ಅಳೆಯಲಾಗದ ನಷ್ಟ ಮೂಲನಿವಾಸಿಗಳದು. ಗ್ಲೂಸ್ಕ್ಯಾಪ್ ಎಂಬ ಪುರಾಣಪುರುಷ ಆ್ಯಶ್ ಮರಕ್ಕೆ ಬಾಣ ಬಿಟ್ಟಾಗ ಅದರೊಳಗಿಂದ ಜನ ಹೊರಬಂದರೆಂಬುದು ವಬನಾಕಿ ಜನಾಂಗಗಳ ಹುಟ್ಟಿನ ಕಥೆ. ವಬನಾಕಿ, ಒಜಿಬ್ವೆ, ಹೋಡೆನೊಶೋನಿ ಜನ ಕಪ್ಪು ಆ್ಯಶ್ ಮರದಿಂದ ಬುಟ್ಟಿ ಹೆಣೆಯುತ್ತಾರೆ. ಇದಕ್ಕೆ ಗರಗಸ ಬೇಡ. ಹಸಿ ದಿಮ್ಮಿಯ ತೊಗಟೆ ಸುಲಿದು, ಕೊಡಲಿಯ ಹಿಂಬದಿಯಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದಂಗುಲವೂ ಬಿಡದೆ ಬಡಿಯುತ್ತ ಹೋಗುತ್ತಾರೆ. ವಸಂತದಲ್ಲಿ ಬೆಳೆದ ರಂಧ್ರಮಯ ಮರ ಪೆಟ್ಟಿಗೆ ಪುಡಿಯಾಗಿ, ಆ ವರ್ಷದ ಬೇಸಿಗೆಯ ಗಟ್ಟಿ ಪದರ ಪಟ್ಟಿಯಾಗಿ ಎದ್ದುಬರುತ್ತದೆ. ಒಂದು ಪಟ್ಟಿ ಎಂದರೆ ಮರದ ಒಂದು ವರ್ಷ. ಮಳೆ ಚೆನ್ನಾಗಿದ್ದ ವರ್ಷದ ಪಟ್ಟಿ ದಪ್ಪ, ಬರದ ವರ್ಷದ್ದು ತೆಳು. ಯಾವ ಮರ ಬುಟ್ಟಿಗಾದೀತೆಂದು ಜೌಗಿನಲ್ಲಿ ನಡೆದು ಆರಿಸುವ ವಿದ್ಯೆಯನ್ನು ತಾಯಿ ತಂದೆಯರು ಮಕ್ಕಳಿಗೆ ಮರದ ಎದುರು ನಿಂತೇ ಕಲಿಸಬೇಕು. ಮರಗಳೇ ಇಲ್ಲದ ಒಂದು ತಲೆಮಾರು ನಡುವೆ ಬಂದರೆ ಆ ಕಲಿಕೆ ಕಡಿದುಹೋಗುತ್ತದೆ. ಅದಕ್ಕಾಗಿ ಈ ಸಮುದಾಯಗಳು ಬೀಜ ಸಂಗ್ರಹಿಸಿ ಕಾದಿಡುತ್ತಿವೆ. ಪಟ್ಟಿಗಳನ್ನು ಬಡಿದು ಮುಂದಿನವರಿಗೆಂದು ಎತ್ತಿಡುತ್ತಿವೆ.

ಬೇಸ್‌ಬಾಲ್ ಬ್ಯಾಟಿನ ವಿಚಾರದಲ್ಲಿ ಆಟಗಾರರ ಒಲವು ಮೊದಲೇ ಮೇಪಲ್ ಕಡೆಗೆ ವಾಲಿತ್ತು. ಕೊರಕ ಆ ಬದಲಾವಣೆಯನ್ನು ಬಹುಮಟ್ಟಿಗೆ ಮುಗಿಸಿತು.

ಪತ್ತೆ ಮತ್ತು ಹತೋಟಿ

ಬೇಸ್‌ಬಾಲ್ ಮೈದಾನಕ್ಕೆ ಈ ಕಥೆಯಲ್ಲಿ ಇನ್ನೊಂದು ಪಾತ್ರವಿದೆ. ಸೆರ್ಸೆರಿಸ್ ಫ್ಯೂಮಿಪೆನ್ನಿಸ್ ಎಂಬ ಅಮೆರಿಕದ ಒಂಟಿ ಕಣಜ ತನ್ನ ಮರಿಗಳಿಗೆ ಆಹಾರವಾಗಿ ಬುಪ್ರೆಸ್ಟಿಡೇ ಕುಟುಂಬದ ದುಂಬಿಗಳನ್ನೇ ಬೇಟೆಯಾಡುತ್ತದೆ. ಬಿಸಿಲು ಬೀಳುವ ಗಟ್ಟಿ ಮರಳುನೆಲ ಅದಕ್ಕೆ ಗೂಡು ತೋಡಲು ಬೇಕು. ಶಾಲೆಯ ಬೇಸ್‌ಬಾಲ್ ಅಂಕಣಕ್ಕಿಂತ ಒಳ್ಳೆಯ ಜಾಗ ಎಲ್ಲಿ? ಬೇಸಿಗೆಯಲ್ಲಿ ಸ್ವಯಂಸೇವಕರು ಈ ಅಂಕಣಗಳ ಅಂಚಿನಲ್ಲಿ ಕೂತು, ಕಣಜಗಳು ಕಾಲಿನಲ್ಲಿ ಏನು ಹಿಡಿದು ತರುತ್ತವೆಂದು ನೋಡುತ್ತಾರೆ, ಬಲೆಯಲ್ಲಿ ಹಿಡಿದು ಬೇಟೆಯನ್ನು ಪರೀಕ್ಷಿಸುತ್ತಾರೆ. ಕಣಜ ಮರದ ನೆತ್ತಿಯವರೆಗೂ ಹೋಗಿ ಹುಡುಕಿ ತರುತ್ತದೆ. ಮನುಷ್ಯ ಅಷ್ಟೆತ್ತರಕ್ಕೆ ಕಣ್ಣು ಹಾಯಿಸಲಾರ. ಉಳಿದಂತೆ ನೇರಳೆ ಅಥವಾ ಹಸಿರು ಬಣ್ಣದ, ಅಂಟು ಬಳಿದ ಮುಮ್ಮೂಲೆ ಬೋನುಗಳಿಗೆ ಎಲೆವಾಸನೆಯ ರಾಸಾಯನಿಕ ಇಟ್ಟು ಕೊಂಬೆಗಳಿಗೆ ತೂಗುಹಾಕುವ ಕ್ರಮವಿದೆ. ಕೀಟ ವಿರಳವಾಗಿದ್ದಾಗ ಇವು ಅಷ್ಟಾಗಿ ಹಿಡಿಯುವುದಿಲ್ಲ.

ಬೀದಿಯ, ಅಂಗಳದ ಮರಗಳನ್ನು ಔಷಧಿಯಿಂದ ಉಳಿಸಬಹುದು. ಎಮಾಮೆಕ್ಟಿನ್ ಬೆಂಜೊಯೇಟನ್ನು ಕಾಂಡಕ್ಕೆ ಚುಚ್ಚಿದರೆ ಎರಡು-ಮೂರು ವರ್ಷ ರಕ್ಷಣೆ ಸಿಗುತ್ತದೆ. ಕೆನಡಾದ ನಗರಗಳಲ್ಲಿ ಇದೇ ಕೆಲಸಕ್ಕೆ ಬಳಸುವ ಅಜಾಡಿರಾಕ್ಟಿನ್ ನಮ್ಮ ಬೇವಿನ ಬೀಜದ ಕಹಿ ಸಾರ. ನಮ್ಮಲ್ಲಿ ಅಕ್ಕಿ-ಬೇಳೆಯ ಡಬ್ಬಿಗೆ ಹಾಕುವ ಬೇವು, ಟೊರಾಂಟೊದ ಬೀದಿಯಲ್ಲಿ ಆ್ಯಶ್ ಮರದ ನಾಳಗಳ ಮೂಲಕ ಏರಿ, ಹುಳು ಪೊರೆ ಕಳಚಿ ಬೆಳೆಯದಂತೆ ತಡೆಯುತ್ತದೆ. ಆದರೆ ಮರದಿಂದ ಮರಕ್ಕೆ ಚುಚ್ಚುತ್ತ ಕಾಡನ್ನು ಕಾಯಲಾಗದು.

ಹೊಸ ಹಾವಳಿ ಹಡಗು ಹತ್ತದಂತೆ ತಡೆಯುವ ನಿಯಮ ಬಂದದ್ದು 2002ರಲ್ಲೇ, ಕೊರಕ ಪತ್ತೆಯಾದ ವರ್ಷವೇ. ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ 15ನೆಯ ಮಾನಕದ ಪ್ರಕಾರ ದೇಶದಿಂದ ದೇಶಕ್ಕೆ ಹೋಗುವ ಪ್ಯಾಕಿಂಗ್ ಮರವನ್ನು ನಡುತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಬೇಕು, ಇಲ್ಲವೇ ಮೀಥೈಲ್ ಬ್ರೋಮೈಡಿನಂಥ ಒಪ್ಪಿತ ಧೂಮೋಪಚಾರ ಮಾಡಬೇಕು. ಭಾರತಕ್ಕೂ ಈ ನಿಯಮ ಅನ್ವಯಿಸುತ್ತದೆ. ಬೆಂಗಳೂರಿನ ಯಾವುದೇ ಗೋದಾಮಿನಲ್ಲಿ ವಿದೇಶದಿಂದ ಬಂದ ಪ್ಯಾಲೆಟ್ಟಿನ ಬದಿ ನೋಡಿದರೆ ಗೋಧಿ ತೆನೆಯ ಚಿಹ್ನೆ, ದೇಶದ ಸಂಕೇತ, ಕಾಯಿಸಿದ್ದರೆ ಎಚ್‌ಟಿ ಎಂಬ ಎರಡಕ್ಷರ ಸುಟ್ಟು ಒತ್ತಿರುವುದು ಕಾಣುತ್ತದೆ. ಹತ್ತು ವರ್ಷ ಮೊದಲೇ ಈ ಮುದ್ರೆ ಇದ್ದಿದ್ದರೆ ಮಿಷಿಗನ್‌ನ ಆ್ಯಶ್ ಮರಗಳು ಬಹುಶಃ ಇನ್ನೂ ನಿಂತಿರುತ್ತಿದ್ದವು.

ಕಾಡಿಗೆ ಸದ್ಯಕ್ಕಿರುವ ಆಸರೆ, ಹುಳುವಿನ ತವರಿನಿಂದಲೇ ತಂದ ಪರಾವಲಂಬಿ ಕಣಜಗಳು. ಹಲವು ವರ್ಷ ಪರೀಕ್ಷಿಸಿ 2007ರಲ್ಲಿ ಚೀನಾದ ಮೂರು ಕಣಜಗಳನ್ನು ಬಿಟ್ಟರು. ಓಬಿಯಸ್ ಅಗ್ರಿಲಿ ಒಂದು ಮಿಲಿಮೀಟರಿನ ಜೀವಿ. ತೊಗಟೆಯ ಬಿರುಕಿನಲ್ಲಿ ದುಂಬಿಯ ಮೊಟ್ಟೆ ಹುಡುಕಿ ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಟೆಟ್ರಾಸ್ಟಿಕಸ್ ಪ್ಲಾನಿಪೆನ್ನಿಸಿ ತೊಗಟೆಯ ಮೂಲಕ ಸೂಜಿ ಇಳಿಸಿ ಒಳಗಿನ ಹುಳುವಿನ ಮೈಯಲ್ಲೇ ಮೊಟ್ಟೆ ಬಿಡುತ್ತದೆ. ಸ್ಪೇಥಿಯಸ್ ಅಗ್ರಿಲಿ ಎಂಬ ಮೂರನೆಯದು ಉತ್ತರದ ಚಳಿಯಲ್ಲಿ ನೆಲೆಯೂರಲಿಲ್ಲ. ಟೆಟ್ರಾಸ್ಟಿಕಸ್‌ನ ಸೂಜಿ ಗಿಡ್ಡ. ಕಾಂಡದ ಅಡ್ಡಳತೆ ಸುಮಾರು 12 ಸೆಂಟಿಮೀಟರ್ ದಾಟಿದರೆ ತೊಗಟೆ ದಪ್ಪವಾಗಿ ಅದಕ್ಕೆ ಎಟುಕುವುದಿಲ್ಲ. ಅದಕ್ಕಾಗಿ ರಷ್ಯಾದ ಪೂರ್ವ ತುದಿಯಿಂದ ಉದ್ದ ಸೂಜಿಯ ಸ್ಪೇಥಿಯಸ್ ಗಲಿನೆಯನ್ನು ತಂದು 2015ರಿಂದ ಬಿಡುತ್ತಿದ್ದಾರೆ. ಇವುಗಳನ್ನು ಸಾಕಲು ಮಿಷಿಗನ್‌ನ ಬ್ರೈಟನ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯವಿದೆ.

ಎಲ್ಲ ಮರಗಳೂ ಸತ್ತ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ದೊಡ್ಡ ಆ್ಯಶ್ ಹಸಿರಾಗಿಯೇ ನಿಂತಿರುವುದುಂಟು. ನೂರಕ್ಕೆ ಒಂದೂ ಇಲ್ಲ. ಒಹಾಯೊದ ಡೆಲವೇರ್‌ನಲ್ಲಿರುವ ಅರಣ್ಯ ಸೇವೆಯ ವಿಜ್ಞಾನಿಗಳು ಇವುಗಳ ಕಡ್ಡಿ ತಂದು ಕಸಿ ಕಟ್ಟಿ, ಅವುಗಳ ಮೇಲೆ ದುಂಬಿಯ ಮೊಟ್ಟೆ ಇಟ್ಟು ಪರೀಕ್ಷಿಸಿ, ಹುಳುವನ್ನು ಕೊಲ್ಲಬಲ್ಲ ಮರಗಳನ್ನು ಒಂದರೊಡನೊಂದು ಸಂಕರಿಸುತ್ತಿದ್ದಾರೆ. ಮರದ ತಲೆಮಾರು ದೀರ್ಘವಾದದ್ದು; ಈ ಕೆಲಸ ಆರಂಭಿಸಿದವರೇ ಅದನ್ನು ಮುಗಿಸಲಾರರು.

ಮಿಷಿಗನ್‌ನಲ್ಲಿ ಮೊದಲು ಸತ್ತ ಕಾಡುಗಳ ನೆಲದಲ್ಲಿ ಈಗ ಬೆರಳಿನಷ್ಟು, ಮುಂಗೈಯಷ್ಟು ದಪ್ಪದ ಎಳೆ ಆ್ಯಶ್‌ಗಳು ಎದ್ದಿವೆ. ಬೀಜ ಉದುರಿಸಿದ ತಾಯಿಮರಗಳು ಇಲ್ಲ, ಹೊಸ ಬೀಜ ಬೀಳಬೇಕಾದರೆ ಇವೇ ದೊಡ್ಡವಾಗಬೇಕು. ಇವುಗಳ ತೊಗಟೆ ಇನ್ನೂ ತೆಳು, ಗಿಡ್ಡ ಸೂಜಿಯ ಕಣಜಕ್ಕೂ ಎಟುಕುವಷ್ಟು. ಅಂಥ ಒಂದು ಎಳೆಮರದ ತೊಗಟೆ ಎಬ್ಬಿಸಿದರೆ ಹಾವಿನ ಜಾಡು ನಾಲ್ಕಾರು ಬಾರಿ ಹೊರಳಿ ನಡುವೆಯೇ ನಿಂತಿರುವುದು ಕಾಣುತ್ತದೆ. ಜಾಡಿನ ತುದಿಯಲ್ಲಿರುವುದು ಹುಳುವಿನ ಬರೀ ಚರ್ಮ. ಅದರೊಳಗೆ ಚೀಲಕ್ಕೆ ಅಕ್ಕಿ ತುಂಬಿದಂತೆ ಕಣಜದ ಹತ್ತಾರು ಬಿಳಿ ಮರಿಗಳು. ಕಾಲುವೆಯ ಎರಡು ಅಂಚಿನಿಂದಲೂ ಹೊಸ ಮರ ಉಬ್ಬಿ ಬಂದು, ಗಾಯವನ್ನು ಮುಚ್ಚತೊಡಗಿದೆ.